ವೀರೇಶ್ವರ ಪುಣ್ಯಾಶ್ರಮದ ಗಾನಪರಂಪರೆ: ಒಂದು ಚಾರಿತ್ರಿಕ ಅವಲೋಕನ

ವೀರಶೈವ ಮಠಗಳ ಇತಿಹಾಸವನ್ನು ಬರೆದ ವಿದ್ವಾಂಸರು ಅನ್ನದಾಸೋಹ ಮತ್ತು ಜ್ಞಾನದಾಸೋಹಗಳನ್ನು ಕುರಿತು ಸಾಕಷ್ಟು ವಿಸ್ತಾರವಾಗಿಯೇ ವಿವೇಚಿಸಿದ್ದಾರೆ. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಲಪ್ರಭೆಯ ದಡದಲ್ಲಿ ಹುಟ್ಟಿ, ಹಳ್ಳಿಯಿಂದ ಹಳ್ಳಿಗೆ ಅಲೆದು, ಕೊನೆಗೆ ಗದುಗಿನಲ್ಲಿ ನೆಲೆನಿಂತ ನಾದದಾಸೋಹದ ವಿಚಾರವು ಬಹುಮಟ್ಟಿಗೆ ಸ್ತುತಿಯ ಮಾತುಗಳಲ್ಲಿಯೇ ಮುಗಿದುಹೋಗಿದೆ. ಪಂಚಾಕ್ಷರ ಗವಾಯಿಗಳವರನ್ನೂ ಪುಟ್ಟರಾಜ ಗವಾಯಿಗಳವರನ್ನೂ ನೆನೆಯುವಾಗ ಭಕ್ತರ ಕಂಠ ತುಂಬಿ ಬರುವುದು ಸಹಜ. ಕಂಠ ತುಂಬಿದಾಗ ಮಾತು ಹೊರಡದು. ಅವರು ಮಾಡಿದ ಕಾರ್ಯವಾವುದು, ಅದು ಹೇಗೆ ನಡೆಯಿತು, ಅಲ್ಲಿ ಯಾರಿಗೆ ಸ್ಥಳ ದೊರೆಯಿತು, ಯಾರಿಗೆ ದೊರೆಯುವುದು ಕಷ್ಟವಾಯಿತು ಎಂಬ ಪ್ರಶ್ನೆಗಳು ಹಾಗೆಯೇ ಉಳಿದಿವೆ.

ಶರಣರ ಕಾಲದಿಂದಲೂ ವಾದ್ಯವು ವೀರಶೈವರಿಗೆ ಅನ್ಯವಾದ ವಸ್ತುವಲ್ಲ. ಹರಿಹರನ ರಗಳೆಯಲ್ಲಿ ಅಲ್ಲಮಪ್ರಭುವು ಮೊದಲು ಕಾಣಿಸಿಕೊಳ್ಳುವುದು ಮದ್ದಳೆಯ ವಾದಕನಾಗಿ. ಸಕಳೇಶ ಮಾದರಸನು ವೀಣೆಯಲ್ಲಿ ಪ್ರವೀಣನಾಗಿದ್ದನೆಂದು ಪರಂಪರೆ ಹೇಳುತ್ತದೆ. ಕಿನ್ನರಿ ಬೊಮ್ಮಯ್ಯ, ಢಕ್ಕೆಯ ಬೊಮ್ಮಣ್ಣ ಎಂಬ ಶರಣರಿಗೆ ಅವರವರ ವಾದ್ಯವೇ ಹೆಸರಿನ ಭಾಗವಾಗಿ ಉಳಿದಿದೆ. ಬಸವಣ್ಣನವರಂತೂ ತಮ್ಮ ಒಂದು ಪ್ರಸಿದ್ಧ ವಚನದಲ್ಲಿ ತಾಳ, ಮಾತ್ರೆ, ಗಣಗಳ ಲೆಕ್ಕ ತಮಗೆ ತಿಳಿಯದೆಂದೂ ತಮ್ಮ ಒಲವು ನಡೆದ ಹಾದಿಯಲ್ಲಿ ಹಾಡು ನಡೆಯುವುದೆಂದೂ ಭಾವಿಸುತ್ತಾರೆ. ಇದನ್ನು ವಿನಯದ ಮಾತೆಂದು ತಿಳಿದು ಮುಂದೆ ಸಾಗುವುದು ವಾಡಿಕೆ. ಹಾಡುವ ಅಧಿಕಾರವು ಶಾಸ್ತ್ರಜ್ಞಾನದಿಂದ ಹುಟ್ಟುವುದಿಲ್ಲ, ಒಲಿದ ಮನಸ್ಸಿನಿಂದ ಹುಟ್ಟುತ್ತದೆ ಎಂಬ ನಿಲುವೂ ಅಲ್ಲಿ ಅಡಗಿದೆಯೆಂಬುದನ್ನು ಗಮನಿಸಬೇಕು. ಹೀಗೆಂದು ಹನ್ನೆರಡನೆಯ ಶತಮಾನದ ಶರಣರು ಇಂದಿನ ಅರ್ಥದಲ್ಲಿ ವಿಕಲಚೇತನರ ಹಕ್ಕುಗಳನ್ನು ಪ್ರತಿಪಾದಿಸಿದರೆಂದು ಹೇಳಹೊರಟರೆ ಅದು ಇತಿಹಾಸವಾಗುವುದಿಲ್ಲ. ಬೀಜವಿತ್ತು ಎಂಬಷ್ಟನ್ನು ಮಾತ್ರ ಹೇಳಬಹುದು.

ಆ ಬೀಜಕ್ಕೆ ನೀರೆರೆದವರು ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳವರು. 1867ರಲ್ಲಿ ಜನಿಸಿ 1930ರಲ್ಲಿ ಲಿಂಗೈಕ್ಯರಾದ ಈ ಮಹನೀಯರು 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನು ಸ್ಥಾಪಿಸಿದರು. 1909ರಲ್ಲಿ ಬಾದಾಮಿಗೆ ಸಮೀಪದಲ್ಲಿ, ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವನ್ನು ಕಟ್ಟಿದರು. ಮಠಾಧಿಕಾರಕ್ಕೆ ಬರುವ ವಟುಗಳಿಗೆ ಯೋಗ, ಶಾಸ್ತ್ರ, ಸಾಹಿತ್ಯಗಳ ಶಿಕ್ಷಣವನ್ನು ಕೊಟ್ಟು ಸಮಾಜಕ್ಕೆ ಯೋಗ್ಯರಾದ ಗುರುಗಳನ್ನು ಒದಗಿಸುವುದು ಆ ಸಂಸ್ಥೆಯ ಮುಖ್ಯ ಉದ್ದೇಶವಾಗಿದ್ದಿತು. ಆಗಮಗಳು ಆಚಾರ್ಯಲಕ್ಷಣವನ್ನು ಹೇಳುವಲ್ಲಿ ಅಂಗವೈಕಲ್ಯವನ್ನು ದೋಷಗಳ ಸಾಲಿನಲ್ಲಿ ಎಣಿಸುವ ಪದ್ಧತಿಯುಂಟು. ಕಣ್ಣಿಲ್ಲದ ಬಾಲಕನು ಎಷ್ಟೇ ಮೇಧಾವಿಯಾಗಿದ್ದರೂ ಪೀಠಕ್ಕೆ ಬರುವ ದಾರಿ ಅವನಿಗೆ ಸುಗಮವಾಗಿರಲಿಲ್ಲ. ಇಂಥ ಸಂದರ್ಭದಲ್ಲಿ, ಗುರುಗಳನ್ನು ರೂಪಿಸುವುದಕ್ಕೆಂದೇ ಕಟ್ಟಿದ ಸಂಸ್ಥೆಯೊಳಕ್ಕೆ ಅಂಧ ಬಾಲಕನೊಬ್ಬನನ್ನು ಕರೆತಂದದ್ದು ಸಾಮಾನ್ಯ ಸಂಗತಿಯಲ್ಲ.

ಆ ಬಾಲಕನೇ ಗದಿಗೆಯ್ಯ. ಇಂದಿನ ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟುಕುರುಡನಾಗಿ ಜನಿಸಿದವನು. ಅವನ ಅಣ್ಣನಿಗೂ ದೃಷ್ಟಿಯಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳೆಂದರೆ ಆ ಕಾಲದ ಬಡ ಜಂಗಮ ಕುಟುಂಬಕ್ಕೆ ಅದೆಂಥ ಹೊರೆಯಾಗಿದ್ದಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು. ಕುಮಾರ ಸ್ವಾಮಿಗಳವರು ಬಾಲಕರ ಕಂಠವನ್ನು ಕೇಳಿ, ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತಶಿಕ್ಷಣಕ್ಕೆ ಏರ್ಪಾಟು ಮಾಡಿದರು. ಗದಿಗೆಯ್ಯನು ಕರ್ನಾಟಕ ಸಂಗೀತವನ್ನು ಅಭ್ಯಾಸಮಾಡಿದ ಮೇಲೆ, ಗ್ವಾಲಿಯರ್ ಪದ್ಧತಿಯ ಪ್ರಸಿದ್ಧ ಗಾಯಕರಾದ ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ ಸಂಗೀತವನ್ನೂ ಕಲಿತನು. ಮಲ್ಲಿಕಾರ್ಜುನ ಮನಸೂರರೂ ಈ ನೀಲಕಂಠಬುವಾ ಅವರ ಶಿಷ್ಯರೇ. ಉಭಯ ಪದ್ಧತಿಗಳಲ್ಲಿ ಪರಿಣತನಾದ ಗದಿಗೆಯ್ಯನು ಪಂಚಾಕ್ಷರ ಗವಾಯಿಯೆಂದು ಹೆಸರಾದನು. ಇಂಥ ಗಾಯಕನು ಮನಸ್ಸು ಮಾಡಿದ್ದರೆ ಸಂಸ್ಥಾನಗಳ ಆಶ್ರಯದಲ್ಲಿಯೋ ನಾಟಕ ಕಂಪನಿಗಳಲ್ಲಿಯೋ ಸುಖವಾಗಿ ಇರಬಹುದಾಗಿತ್ತು. ಅಂಧರಿಗೂ ಅನಾಥರಿಗೂ ಸಂಗೀತವನ್ನು ಧಾರೆಯೆರೆಯಬೇಕೆಂಬ ಗುರುವಿನ ಆಜ್ಞೆಯನ್ನು ಶಿರಸಾವಹಿಸಿ ಅವರು ಆಜನ್ಮ ಬ್ರಹ್ಮಚಾರಿಗಳಾಗಿ ಉಳಿದರು.

ಆಜ್ಞೆಯನ್ನು ಸ್ವೀಕರಿಸುವುದು ಸುಲಭ. ನಿತ್ಯವೂ ಹಲವು ಹೊಟ್ಟೆಗಳನ್ನು ತುಂಬಿಸುವುದು ಸುಲಭವಲ್ಲ. ಗವಾಯಿಗಳ ಸಂಗೀತ ಪಾಠಶಾಲೆಯು 1914ರಲ್ಲಿ ನಿಡಗುಂದಿಕೊಪ್ಪದಲ್ಲಿ ಆರಂಭವಾಯಿತೆಂದು ಆಶ್ರಮದ ಪರಂಪರೆ ಎಣಿಸುತ್ತದೆ. ಅದು ಕಟ್ಟಡವುಳ್ಳ ಶಾಲೆಯಾಗಿರಲಿಲ್ಲ, ಸಂಚಾರಿ ಪಾಠಶಾಲೆಯಾಗಿದ್ದಿತು. ಗುರುವೂ ಶಿಷ್ಯರೂ ತಂಬೂರಿ, ತಬಲಾ, ಪೇಟಿಗಳನ್ನು ಹೊತ್ತು ಊರಿಂದೂರಿಗೆ ನಡೆಯುವರು. ಮಠದಲ್ಲಿಯೋ ಗುಡಿಯಲ್ಲಿಯೋ ಮೊಕ್ಕಾಂ ಹೂಡುವರು. ಭಕ್ತರು ಕೊಟ್ಟ ಧಾನ್ಯದಲ್ಲಿ ಊಟ, ಊಟವಾದ ಮೇಲೆ ಪಾಠ. ಮುಂಗಡ ಕಾಣುವವನ ಹೆಗಲ ಮೇಲೆ ಕಾಣದವನ ಕೈ. ಜಂಗಮವೆಂಬ ಪದದ ಮೂಲಾರ್ಥವು ಚಲಿಸುವುದು ಎಂಬುದನ್ನು ಈ ಪಾಠಶಾಲೆಯು ಯಾವ ವ್ಯಾಖ್ಯಾನವೂ ಇಲ್ಲದೆ ತೋರಿಸಿಕೊಟ್ಟಿತೆನ್ನಬಹುದು.

ಈ ಸಂಚಾರದ ಒಂದು ಫಲವನ್ನು ಚರಿತ್ರಕಾರರು ಅಷ್ಟಾಗಿ ಗುರುತಿಸಿಲ್ಲ. ಅಂಧ ಮಕ್ಕಳಿಗೆಂದು ಪ್ರತ್ಯೇಕವಾದ ಗೋಡೆಯೊಂದು ಇಲ್ಲಿ ಏಳಲೇ ಇಲ್ಲ. ಕಣ್ಣುಳ್ಳ ಅನಾಥ, ಕಣ್ಣಿಲ್ಲದ ಬಾಲಕ, ಕೈಕಾಲು ಊನವಾದ ಹುಡುಗ, ಕೇವಲ ಬಡತನದಿಂದ ಬಂದವನು ಇವರೆಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಸರಳೆಯನ್ನು ಹಾಡಿದರು. ಜಪಾನಿನ ಇತಿಹಾಸವನ್ನು ಇದರೊಡನೆ ಹೋಲಿಸಿ ನೋಡಬಹುದು. ಅಲ್ಲಿ ಅಂಧ ಸಂಗೀತಗಾರರಿಗೆ ರಾಜಮನ್ನಣೆ ಪಡೆದ ಪ್ರತ್ಯೇಕ ಸಂಘವೇ ಇದ್ದು, ಅದರೊಳಗೆ ಶ್ರೇಣಿಗಳೂ ಪದವಿಗಳೂ ಇದ್ದವು; 1871ರಲ್ಲಿ ಸರ್ಕಾರವು ಆ ಸಂಘವನ್ನು ರದ್ದುಮಾಡಿದಾಗ ಅದನ್ನೇ ನೆಚ್ಚಿದ್ದವರ ಜೀವನಾಧಾರ ಕುಸಿಯಿತು. ಫ್ರಾನ್ಸಿನಲ್ಲಿ 1785ರಲ್ಲಿ ಆರಂಭವಾದ ಅಂಧರ ಶಾಲೆಯೂ ಸಂಗೀತಕ್ಕೆ ಹೆಚ್ಚಿನ ಸ್ಥಾನ ಕೊಟ್ಟಿತ್ತು. ಅದೇ ಶಾಲೆಯ ವಿದ್ಯಾರ್ಥಿಯಾಗಿ, ಮುಂದೆ ಅಲ್ಲಿಯೇ ಅಧ್ಯಾಪಕನಾದ ಲೂಯಿ ಬ್ರೈಲ್ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದವನು. 1829ರಲ್ಲಿ ಅವನು ಪ್ರಕಟಿಸಿದ ಚುಕ್ಕೆಲಿಪಿಯು ಅಕ್ಷರಗಳಿಗೆ ಮಾತ್ರವಲ್ಲದೆ ಸಂಗೀತಕ್ಕೂ ಉದ್ದೇಶಿತವಾಗಿತ್ತು. ಇವೆರಡೂ ಮಹತ್ತರವಾದ ಕಾರ್ಯಗಳೇ. ಆದರೂ ಅಲ್ಲಿ ಅಂಧರು ಅಂಧರೊಡನೆ ಕಲಿತರು. ಸಂಚಾರಿ ಪಾಠಶಾಲೆಯಲ್ಲಿ ಕಣ್ಣುಳ್ಳವರೂ ಅಂಧ ಗುರುವಿನ ಮುಂದೆ ಕುಳಿತರು.

ಧಾರವಾಡ ಸೀಮೆಯ ಯಲಿವಾಳದ ಬಸವರಾಜ ರಾಜಗುರು ಹಾಗೆ ಕುಳಿತವರಲ್ಲಿ ಒಬ್ಬರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಇವರನ್ನು ಪಂಚಾಕ್ಷರ ಗವಾಯಿಗಳು ಶಿಷ್ಯನನ್ನಾಗಿ ಸ್ವೀಕರಿಸಿದರು. 1936ರಲ್ಲಿ ವಿಜಯನಗರ ಸಾಮ್ರಾಜ್ಯದ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ನಡೆದಾಗ ರಾಜಗುರುಗಳು ಮೊದಲ ಬಾರಿಗೆ ದೊಡ್ಡ ಸಭೆಯಲ್ಲಿ ಹಾಡಿದರು. ಅಂದು ತಬಲಾ ಸಾಥ್ ನೀಡಿದವರು ಸ್ವತಃ ಗುರುಗಳೇ.

ಈ ಸಂಗತಿಯನ್ನು ಗುರುವಿನ ವಾತ್ಸಲ್ಯಕ್ಕೆ ನಿದರ್ಶನವೆಂದು ಉದಾಹರಿಸುವುದುಂಟು. ವಾತ್ಸಲ್ಯ ನಿಜ, ಅದರಲ್ಲಿ ಸಂಗೀತದ ತತ್ತ್ವವೂ ಇದೆ. ಖಯಾಲ್ ಗಾಯನದಲ್ಲಿ ಚೀಜು ಎರಡು ಸಾಲಿನದು. ಉಳಿದುದೆಲ್ಲ ಆ ಕ್ಷಣದಲ್ಲಿ ಹುಟ್ಟಬೇಕು. ಆಲಾಪವು ಎಲ್ಲಿ ತಿರುಗುವುದೆಂದು ಗಾಯಕನಿಗೂ ಮುಂಚಿತವಾಗಿ ತಿಳಿದಿರುವುದಿಲ್ಲ. ತಬಲೆಯವನು ಠೇಕಾವನ್ನು ಬಿಡದೆ ಹಿಡಿದು, ಗಾಯಕನು ಎಷ್ಟು ದೂರ ಹೋದರೂ ಹಿಂದಿರುಗಿ ಬಂದು ಸೇರಲು ಒಂದು ಸಮವನ್ನು ಕಾಯ್ದಿರಿಸಬೇಕು. ಪೇಟಿಯವನು ಗಾಯಕನ ಸ್ವರದ ಹಿಂದೆ ಅರ್ಧ ಹೆಜ್ಜೆಯ ಅಂತರದಲ್ಲಿ ನಡೆಯಬೇಕು. ಇದನ್ನೇ ನಮ್ಮ ಶಾಸ್ತ್ರವು ಮನೋಧರ್ಮವೆಂದು ಕರೆಯುತ್ತದೆ. ಮನೋಧರ್ಮವು ಒಬ್ಬನ ಸ್ವತ್ತೆಂಬುದು ಅರ್ಧಸತ್ಯ. ಅದನ್ನು ಹೊರಲು ಬಲ್ಲ ಇನ್ನೊಬ್ಬನ ಕಿವಿಯಿಲ್ಲದಿದ್ದರೆ ಅದು ನೆಲಕ್ಕೆ ಬೀಳುತ್ತದೆ. ಹಂಪೆಯಲ್ಲಿ ಹಾಡಿದವನು ತರುಣ ಶಿಷ್ಯ. ಹಿಂದೆ ನಡೆದವರು ಉಭಯ ಪದ್ಧತಿಗಳನ್ನು ಬಲ್ಲ ಗುರು. ಹೆಚ್ಚು ಬಲ್ಲವನು ಕಡಿಮೆ ಬಲ್ಲವನನ್ನು ಅನುಸರಿಸುವ ಈ ಕ್ರಮವು ಮುಂದಿನ ವಿವೇಚನೆಗೆ ಅಗತ್ಯವಾದ್ದರಿಂದ ಇಲ್ಲಿ ಒತ್ತಿ ಹೇಳಲಾಗಿದೆ.

ಇನ್ನೊಂದು ಸೂಕ್ಷ್ಮವೂ ಇದೆ. ಸಾಮಾನ್ಯ ಬೈಠಕ್ಕುಗಳಲ್ಲಿ ಗಾಯಕನು ಕಣ್ಣಿನಿಂದಲೋ ಕೈಯಿಂದಲೋ ಸನ್ನೆಮಾಡಿ, ತಬಲೆಯವನಿಗೆ ಲಯವನ್ನು ಏರಿಸುವಂತೆ, ಪೇಟಿಯವನಿಗೆ ತುಸು ಹೊತ್ತು ನುಡಿಸುವಂತೆ ಸೂಚಿಸುವುದು ರೂಢಿ. ಗಾಯಕನಿಗೂ ಸಾಥಿದಾರರಿಗೂ ದೃಷ್ಟಿಯಿಲ್ಲದಿದ್ದಾಗ ಕಣ್ಸನ್ನೆಗೆ ಎಡೆಯೇ ಇಲ್ಲ. ಸೂಚನೆಯು ನಾದದೊಳಗೇ ಇರಬೇಕು: ಮುಖಡಾವನ್ನು ಹಿಡಿಯುವ ಬಗೆಯಲ್ಲಿ, ಉಸಿರಿನ ಎಳೆತದಲ್ಲಿ, ಒಂದು ಅಕ್ಷರದ ಮೇಲೆ ಬಿದ್ದ ಒತ್ತಿನಲ್ಲಿ. ಹೀಗೆ ಕೇಳುವ ಅಭ್ಯಾಸವು ಕಣ್ಣುಳ್ಳ ವಿದ್ಯಾರ್ಥಿಗೂ ಬಂದರೆ ಅವನ ಲಾಭ ಅಪಾರ. ಅಂಧರ ಪಾಠಶಾಲೆಯಲ್ಲಿ ಬೆಳೆದ ಕಣ್ಣುಳ್ಳ ಗಾಯಕರ ಲಯದ ಹಿಡಿತಕ್ಕೆ ಒಂದು ಕಾರಣವನ್ನು ಇಲ್ಲಿ ಹುಡುಕುವುದು ಅನುಚಿತವಾಗದು.

ಮೂರು ದಶಕಗಳ ಅಲೆದಾಟದ ತರುವಾಯ 1942ರಲ್ಲಿ ಪಾಠಶಾಲೆಯು ಗದುಗಿನಲ್ಲಿ ನೆಲೆಯೂರಿತು. ಬಸರಿಗಿಡದ ವೀರಪ್ಪ ಎಂಬ ಭಕ್ತರು ನೀಡಿದ ಆಶ್ರಯದಿಂದ ಅದಕ್ಕೆ ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರಾಯಿತು. ನೆಲೆ ದೊರೆತ ಎರಡೇ ವರ್ಷಗಳಲ್ಲಿ, 1944ರ ಜೂನ್ ತಿಂಗಳಿನಲ್ಲಿ, ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದರು.

ಉತ್ತರಾಧಿಕಾರವು ಪುಟ್ಟರಾಜ ಗವಾಯಿಗಳಿಗೆ ಬಂದಿತು. 1914ರ ಮಾರ್ಚ್ 3ರಂದು ಇಂದಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ಹುಟ್ಟಿದ ಇವರು ಶೈಶವದಲ್ಲಿಯೇ ದೃಷ್ಟಿಯನ್ನೂ, ಎಳವೆಯಲ್ಲಿಯೇ ತಂದೆತಾಯಿಗಳನ್ನೂ ಕಳೆದುಕೊಂಡವರು. ಸೋದರಮಾವನ ಮನೆಯಲ್ಲಿ ಬೆಳೆಯುತ್ತ, ಅವರ ಪೇಟಿಯ ಮೇಲೆ ಬೆರಳಾಡಿಸಿ ಸ್ವರಗಳನ್ನು ತಾವಾಗಿಯೇ ಹುಡುಕಿಕೊಂಡ ಬಾಲಕನು ಶಿವಯೋಗಮಂದಿರವನ್ನು ಸೇರಿ ಪಂಚಾಕ್ಷರ ಗವಾಯಿಗಳ ಶಿಷ್ಯನಾದನು. ಗಾಯನದ ಜೊತೆಗೆ ಪೇಟಿ, ತಬಲಾ, ಪಿಟೀಲು, ಸಾರಂಗಿ ಮೊದಲಾದ ಅನೇಕ ವಾದ್ಯಗಳು ಅವರಿಗೆ ವಶವಾದುವು. ಕನ್ನಡ, ಸಂಸ್ಕೃತ, ಹಿಂದಿ ಈ ಮೂರು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಬಸವಪುರಾಣವನ್ನು ಹಿಂದಿಗೆ ತಂದರು. ಆಶ್ರಮದ ಹೊಣೆ ಬಂದಾಗ ಅವರಿಗೆ ಮೂವತ್ತು ವರ್ಷ. ಬೊಕ್ಕಸ ಬರಿದಾಗಿತ್ತು, ಉಣ್ಣುವವರು ಬಹಳವಾಗಿದ್ದರು.

ಆ ಕಷ್ಟಕ್ಕೆ ಪರಿಹಾರವಾಗಿ ಒದಗಿದ್ದು ನಾಟಕ. ಪಂಚಾಕ್ಷರ ಗವಾಯಿಗಳ ಹೆಸರಿನ ನಾಟ್ಯಸಂಘವು ಶರಣರ ಚರಿತ್ರೆಗಳನ್ನು ಆಡುತ್ತ ಉತ್ತರ ಕರ್ನಾಟಕದ ಊರುಗಳಲ್ಲಿ ಮೊಕ್ಕಾಂ ಮಾಡಿತು. ಪುಟ್ಟರಾಜರು ನಾಟಕಗಳನ್ನು ರಚಿಸಿಕೊಟ್ಟು ಸಂಗೀತವನ್ನೂ ಅಳವಡಿಸಿದರು. ಅವುಗಳಲ್ಲಿ ಹೇಮರೆಡ್ಡಿ ಮಲ್ಲಮ್ಮನ ನಾಟಕವು ಬಹಳ ಜನಪ್ರಿಯವಾಯಿತು. ಶುದ್ಧ ಸಂಗೀತದ ಅಭಿಮಾನಿಗಳಲ್ಲಿ ಕೆಲವರು ಕಂಪನಿ ನಾಟಕವೆಂದರೆ ಮೂಗು ಮುರಿಯುವುದುಂಟು. ಅವರು ಒಂದು ವಿಷಯವನ್ನು ಮರೆಯುತ್ತಾರೆ. ನಾಟಕದ ಮೇಳದಲ್ಲಿ ಎಲ್ಲರಿಗೂ ಕೆಲಸವಿದೆ. ಕಾಲುಪೇಟಿ ನುಡಿಸುವವನು ಅಂಧನಾಗಿರಬಹುದು, ಪರದೆ ಎಳೆಯುವವನು ಕುಂಟನಾಗಿರಬಹುದು, ಪಾತ್ರಧಾರಿಯು ರಾಗದ ಸೂಕ್ಷ್ಮವನ್ನು ಅರಿಯದ ಹಳ್ಳಿಯ ಹುಡುಗನಾಗಿರಬಹುದು. ಪಾತ್ರಧಾರಿಯು ಮಾತು ಮರೆತರೆ, ನೆನಪಾಗುವವರೆಗೂ ಪೇಟಿಯವನು ಒಂದು ಸ್ವರದ ಎಳೆಯನ್ನು ತುಂಬಿ ನಡೆಸಬೇಕು. ಸಭಿಕರು ಒನ್ಸ್‌ಮೋರ್ ಎಂದರೆ ಅದೇ ಪದವನ್ನು ಬೇರೆ ಬೆಡಗಿನಲ್ಲಿ ಹಾಡಬೇಕು. ಆಶ್ರಮದ ಮಕ್ಕಳಿಗೆ ಇದಕ್ಕಿಂತ ಮಿಗಿಲಾದ ಸಂಗತಶಾಲೆ ಬೇರೊಂದಿರಲಿಲ್ಲ. ಟಿಕೀಟಿನ ಹಣದಿಂದ ಆಶ್ರಮದ ಒಲೆ ಉರಿಯಿತು.

ಪುಟ್ಟರಾಜರು ಅರವತ್ತಾರು ವರ್ಷಗಳ ಕಾಲ ಆಶ್ರಮವನ್ನು ನಡೆಸಿದರು. ಕರ್ನಾಟಕ ವಿಶ್ವವಿದ್ಯಾಲಯವು 1975ರಲ್ಲಿ ಗೌರವ ಡಾಕ್ಟರೇಟನ್ನು, ಭಾರತ ಸರ್ಕಾರವು 2010ರಲ್ಲಿ ಪದ್ಮಭೂಷಣವನ್ನು ನೀಡಿ ಅವರನ್ನು ಗೌರವಿಸಿದವು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು. ಭಕ್ತರು ಊರೂರಿಗೆ ಕರೆದೊಯ್ದು ಅವರಿಗೆ ತುಲಾಭಾರ ಮಾಡುತ್ತಿದ್ದರು. ತಕ್ಕಡಿಯಲ್ಲಿ ತೂಗಿದ ನಾಣ್ಯ ಆಶ್ರಮದ ಮಕ್ಕಳ ಅನ್ನವಾಗುತ್ತಿತ್ತು. ಅಂಗವೈಕಲ್ಯವನ್ನು ಗುರುತ್ವಕ್ಕೆ ದೋಷವೆಂದು ಎಣಿಸಿದ ಶಾಸ್ತ್ರವಾಕ್ಯವನ್ನು ಯಾರೂ ತಿದ್ದಲಿಲ್ಲ. ಲಕ್ಷಾಂತರ ಜನರು ಅಂಧ ಗುರುವಿನ ಪಾದಕ್ಕೆ ಹಣೆ ಹಚ್ಚಿದಾಗ ಆ ವಾಕ್ಯವು ತಾನಾಗಿಯೇ ಬಲಗುಂದಿತು.

ಪುಟ್ಟರಾಜರ ಶಿಷ್ಯರಲ್ಲಿ ಹೆಸರಾದ ಎಂ. ವೆಂಕಟೇಶ ಕುಮಾರರು ಕಣ್ಣುಳ್ಳವರು. 1953ರಲ್ಲಿ ಬಳ್ಳಾರಿ ಸೀಮೆಯ ಲಕ್ಷ್ಮೀಪುರದಲ್ಲಿ ಜನಪದ ಗಾಯಕರೊಬ್ಬರ ಮಗನಾಗಿ ಹುಟ್ಟಿದ ಇವರನ್ನು ಆಶ್ರಮಕ್ಕೆ ಕರೆತಂದವರು ಸೋದರಮಾವನಾದ ತೊಗಲುಗೊಂಬೆಯಾಟದ ಕಲಾವಿದ ಬೆಳಗಲ್ಲು ವೀರಣ್ಣನವರು. ಬಡತನದ ಬಾಲಕನಾಗಿ ಬಂದು ಹನ್ನೆರಡು ವರ್ಷಗಳ ಕಾಲ ಗುರುಸೇವೆ ಮಾಡಿ ಕಲಿತ ವಿದ್ಯೆಯಿಂದ ಅವರು ದೇಶದಾದ್ಯಂತ ಕೀರ್ತಿಯನ್ನು ಪಡೆದರು. 2016ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 1995ರಲ್ಲಿ ತೆರೆಗೆ ಬಂದ ಪಂಚಾಕ್ಷರ ಗವಾಯಿಗಳ ಜೀವನಚಿತ್ರಕ್ಕೆ ಹಂಸಲೇಖರು ಸಂಗೀತ ನಿರ್ದೇಶನಕ್ಕಾಗಿ, ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಹಿನ್ನೆಲೆ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದರು. ಕೀರ್ತಿವಂತರ ಹೆಸರುಗಳು ಹೀಗೆ ದಾಖಲಾಗುತ್ತವೆ. ಆಶ್ರಮದಿಂದ ಹೊರಬಂದು ಶಾಲೆಗಳಲ್ಲಿ ಸಂಗೀತ ಶಿಕ್ಷಕರಾದ, ಪುರಾಣ ಪ್ರವಚನಗಳಿಗೆ ಪೇಟಿ ನುಡಿಸುತ್ತ ಸಂಸಾರ ಸಾಗಿಸಿದ ಅಸಂಖ್ಯ ಅಂಧ ಕಲಾವಿದರ ಹೆಸರುಗಳು ದಾಖಲಾಗುವುದಿಲ್ಲ. ಶ್ರಾವಣದಲ್ಲಿ ಉತ್ತರ ಕರ್ನಾಟಕದ ಯಾವ ಮಠದಲ್ಲಿ ಪುರಾಣ ಹಚ್ಚಿದರೂ ಅಲ್ಲಿನ ಗವಾಯಿಗಳಿಗೆ ಗದುಗಿನ ನಂಟು ಇರುವುದು ಸಾಮಾನ್ಯ. ಪರಂಪರೆಯ ನಿಜವಾದ ವಿಸ್ತಾರವನ್ನು ಅಳೆಯಬೇಕಾದುದು ಅಲ್ಲಿ.

ಇಷ್ಟು ಹೇಳಿದ ಮೇಲೆ ಒಂದು ಕಟುವಾದ ಮಾತನ್ನೂ ಆಡಬೇಕಾಗುತ್ತದೆ. ಗದುಗಿನ ಯಶಸ್ಸಿನಿಂದ ಅಂಧರಿಗೆ ಸಂಗೀತವೇ ವಿಹಿತವೆಂಬ ಭಾವನೆ ನಮ್ಮ ಜನರಲ್ಲಿ ಬೇರೂರಿತು. ಕಣ್ಣು ಕೊಡದ ಶಿವನು ಕಂಠವನ್ನು ಕೊಡುತ್ತಾನೆ ಎಂಬ ಮಾತು ಕೇಳಲು ಹಿತವಾಗಿದ್ದರೂ ಅದರಲ್ಲಿ ಎರಡು ಅನ್ಯಾಯಗಳಿವೆ. ಕಂಠವಿಲ್ಲದ ಅಂಧನಿಗೆ ಅದು ಅನ್ಯಾಯ. ಅವನಿಗೆ ಬೇರೆ ವಿದ್ಯೆಯೂ ಬೇರೆ ಉದ್ಯೋಗವೂ ಇರಬಹುದೆಂಬುದನ್ನು ಅದು ಮರೆಸುತ್ತದೆ. ಸಾಧಿಸಿದವನಿಗೂ ಅದು ಅನ್ಯಾಯವೇ; ಬೆಳಗಿನ ಝಾವದಿಂದ ಇರುಳವರೆಗೆ ಮಾಡಿದ ರಿಯಾಜನ್ನು ಅದು ದೈವದತ್ತವೆಂಬ ಒಂದೇ ಪದದಲ್ಲಿ ಮುಚ್ಚಿಹಾಕುತ್ತದೆ. ಗವಾಯಿಗಳಿಬ್ಬರೂ ತಮ್ಮ ವಿದ್ಯೆಯನ್ನು ವರವೆಂದು ತಿಳಿದು ಸುಮ್ಮನೆ ಕುಳಿತವರಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಆಶ್ರಮದ ಶಿಕ್ಷಣಕ್ರಮವು ಸ್ಮರಣಶಕ್ತಿಯನ್ನೂ ಅಖಂಡವಾದ ಶಿಸ್ತನ್ನೂ ಆಧರಿಸಿದುದು. ಬಂದಿಶುಗಳನ್ನು ಕೇಳಿಯೇ ಕಂಠಸ್ಥ ಮಾಡಬೇಕು, ತಾಳವನ್ನು ತಪ್ಪದೆ ಹಿಡಿಯಬೇಕು, ಗುರುವಿನ ಮಾತನ್ನು ಒಂದೇ ಸಲಕ್ಕೆ ಗ್ರಹಿಸಬೇಕು. ದೇಹದ ಊನವುಳ್ಳವನು ಇದನ್ನು ಸಾಧಿಸಬಲ್ಲನು. ಮಾತು ಬಾರದ, ಮಾತಿಗೆ ಓಗೊಡದ, ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಗುವಿನ ಗತಿಯೇನು? ಪಂಚಾಕ್ಷರ ಗವಾಯಿಗಳ ಕಾಲದಲ್ಲಿ ಇಂಥ ಮಕ್ಕಳಿಗೆ ಸರಿಯಾದ ಹೆಸರೂ ಇರಲಿಲ್ಲ. ಹುಚ್ಚರೆಂದೋ ಪೆದ್ದರೆಂದೋ ಶಾಪಗ್ರಸ್ತರೆಂದೋ ಕರೆದು ಮನೆಯ ಒಳಕೋಣೆಯಲ್ಲಿ ಇರಿಸುತ್ತಿದ್ದರು. ಗದುಗಿನ ಆಶ್ರಮವು ತಲೆಯೆತ್ತಿದ ಮರುವರ್ಷವೇ, 1943ರಲ್ಲಿ, ಅಮೆರಿಕದ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಆಟಿಸಂ ಎಂದು ಇಂದು ಹೆಸರಾಗಿರುವ ಸ್ಥಿತಿಯನ್ನು ವಿವರಿಸಿದನು. ಆ ವೃತ್ತಾಂತದ ಮೊದಲ ಬಾಲಕನು ಒಂದು ವರ್ಷದ ವಯಸ್ಸಿನಲ್ಲಿಯೇ ಹಲವು ಧಾಟಿಗಳನ್ನು ತಪ್ಪಿಲ್ಲದೆ ಗುನುಗುತ್ತಿದ್ದನೆಂದು ಕ್ಯಾನರ್ ಬರೆದಿರುವುದು ಸಂಗೀತದ ವಿದ್ಯಾರ್ಥಿಗಳ ಗಮನಕ್ಕೆ ಬರಬೇಕಾದ ಅಂಶ.

ಇಂಥ ಮಕ್ಕಳೊಡನೆ ಸಂಗೀತವನ್ನು ಮಾಡುವ ಪ್ರಯತ್ನಗಳು ಇಂಗ್ಲೆಂಡಿನಲ್ಲಿ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಮೊದಲಾದುವು. ಸೆಲ್ಲೋ ವಾದಕಿ ಜೂಲಿಯೆಟ್ ಆಲ್ವಿನ್ 1958ರಲ್ಲಿ ಅಲ್ಲಿ ಸಂಗೀತಚಿಕಿತ್ಸೆಯ ಸಂಘವೊಂದನ್ನು ಸ್ಥಾಪಿಸಿದರು. ಆಟಿಸಂ ಇರುವ ಮಗುವಿಗೆ ಸಂಗೀತಚಿಕಿತ್ಸೆಯನ್ನು ಕುರಿತು 1978ರಲ್ಲಿ ಗ್ರಂಥವನ್ನು ಬರೆದರು. ಅಮೆರಿಕದ ಸಂಗೀತ ರಚನಕಾರ ಪಾಲ್ ನಾರ್ಡಾಫ್ ಮತ್ತು ಶಿಕ್ಷಕ ಕ್ಲೈವ್ ರಾಬಿನ್ಸ್ 1959ರಲ್ಲಿ ವೂಸ್ಟರ್‌ಶೈರ್ ಪ್ರಾಂತದ ಸನ್‌ಫೀಲ್ಡ್ ಎಂಬ ಮಕ್ಕಳ ನಿವಾಸದಲ್ಲಿ ಜೊತೆಯಾಗಿ ಕೆಲಸಕ್ಕೆ ತೊಡಗಿದರು. ಅವರ ಕ್ರಮ ಸರಳವಾದುದು. ಮಗುವಿನ ಮುಂದೆ ಒಂದು ಡೋಲು ಇರುತ್ತದೆ. ಅದು ಹೇಗೆ ಬಡಿದರೂ ಸರಿಯೆ, ತಪ್ಪೆಂಬ ಮಾತಿಲ್ಲ. ಪಿಯಾನೋ ಮುಂದೆ ಕುಳಿತ ನಾರ್ಡಾಫ್ ಆ ಬಡಿತವನ್ನೇ ಲಯವೆಂದು ಸ್ವೀಕರಿಸಿ, ಅದಕ್ಕೆ ತಕ್ಕ ಸಂಗೀತವನ್ನು ಅಲ್ಲಿಯೇ ಕಟ್ಟುತ್ತಾನೆ. ಮಗು ನಿಲ್ಲಿಸಿದರೆ ತಾನೂ ನಿಲ್ಲಿಸುತ್ತಾನೆ. ಅದು ಕಿರುಚಿದರೆ ಆ ಸ್ವರವನ್ನೇ ಹಿಡಿದು ನುಡಿಸುತ್ತಾನೆ. ತನ್ನ ಸದ್ದಿಗೆ ಮರುದನಿಯೊಂದು ಹೊರಗಿನಿಂದ ಬರುತ್ತಿದೆಯೆಂಬುದನ್ನು ಮಗು ಗುರುತಿಸಿದಾಗ, ಬೇಕೆಂದೇ ಬಡಿತವನ್ನು ಬದಲಿಸಿ ಪರೀಕ್ಷಿಸುತ್ತದೆ. ಅಲ್ಲಿಂದ ಸಂವಾದ ಆರಂಭವಾಗುತ್ತದೆ.

ಹಂಪೆಯಲ್ಲಿ ಶಿಷ್ಯನಿಗೆ ಠೇಕಾ ಹಿಡಿದ ಗುರುವಿನ ಚಿತ್ರ ಇಲ್ಲಿ ನೆನಪಿಗೆ ಬರದಿರದು. ಬಲ್ಲವನು ಹಿಂದೆ ನಡೆಯುವುದೇ ಎರಡು ಕಡೆಯೂ ಇರುವ ಮೂಲಸೂತ್ರ. ಆದರೆ ಭೇದವನ್ನೂ ಮರೆಯಬಾರದು. ಗದುಗಿನ ಕ್ರಮದಲ್ಲಿ ಮನೋಧರ್ಮವು ದೀರ್ಘಕಾಲದ ಸಾಧನೆಯ ಫಲ. ತಾಳ ರಾಗಗಳ ಕಟ್ಟಳೆಯೊಳಗೆ ದೊರೆತ ಸ್ವಾತಂತ್ರ್ಯ. ಸನ್‌ಫೀಲ್ಡಿನ ಕ್ರಮದಲ್ಲಿ ಅದೇ ಮೊದಲ ಮೆಟ್ಟಿಲು. ಒಂದು ಕಡೆ ಕಲಾವಿದನನ್ನು ರೂಪಿಸುವ ಉದ್ದೇಶ, ಇನ್ನೊಂದು ಕಡೆ ಮನುಷ್ಯ ಸಂಬಂಧವನ್ನು ತೆರೆಯುವ ಉದ್ದೇಶ. ಪುಣ್ಯಾಶ್ರಮವು ತನ್ನ ಕಾರ್ಯವನ್ನು ಎಂದೂ ಚಿಕಿತ್ಸೆಯೆಂದು ಕರೆದುಕೊಳ್ಳಲಿಲ್ಲ. ಚಿಕಿತ್ಸೆಯೆಂಬ ಪದದೊಳಗೆ ರೋಗಿಯೊಬ್ಬನು ಅಡಗಿರುತ್ತಾನೆ. ಮೇಳವೆಂಬ ಪದದೊಳಗೆ ಮೇಳಗಾರರು ಮಾತ್ರ ಇರುತ್ತಾರೆ. ಪಾಶ್ಚಾತ್ಯರಲ್ಲಿಯೂ ಈಚಿನ ದಶಕಗಳಲ್ಲಿ ಈ ಅರಿವು ಮೂಡಿದಂತೆ ತೋರುತ್ತದೆ. ಅಮೆರಿಕದ ಸಂಗೀತಶಾಸ್ತ್ರಜ್ಞ ಮೈಕೆಲ್ ಬಾಕನ್ ಫ್ಲಾರಿಡಾದಲ್ಲಿ ಆಟಿಸಂ ಇರುವ ಮಕ್ಕಳನ್ನೂ, ಅವರ ಪೋಷಕರನ್ನೂ, ವೃತ್ತಿಸಂಗೀತಗಾರರನ್ನೂ ಒಂದೆಡೆ ಸೇರಿಸಿ ಮಕ್ಕಳ ಇಚ್ಛೆಯಂತೆ ಆಶುಸಂಗೀತವನ್ನು ನುಡಿಸುವ ಮೇಳವನ್ನು ಕಟ್ಟಿದರು. ಅಲ್ಲಿ ಮಕ್ಕಳನ್ನು ಗುಣಪಡಿಸುವ ಮಾತಿರಲಿಲ್ಲ, ಅವರೊಡನೆ ನುಡಿಸುವ ಮಾತಿದ್ದಿತು. ಆಟಿಸಂ ಇರುವವರು ಸಂಗೀತವನ್ನು ಕುರಿತು ತಾವೇ ಆಡಿದ ಮಾತುಗಳನ್ನು ಸಂಗ್ರಹಿಸಿ ಅವರು 2018ರಲ್ಲಿ ಒಂದು ಗ್ರಂಥವನ್ನೂ ಹೊರತಂದರು.

ನಮ್ಮ ನಾಡಿನಲ್ಲಿ ಕಾನೂನು ಈ ಮಕ್ಕಳನ್ನು ಗುರುತಿಸಿದ್ದು ತಡವಾಗಿ. 1995ರ ಅಧಿನಿಯಮದ ಪಟ್ಟಿಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದು, ಬುದ್ಧಿಮಾಂದ್ಯವು ಅದರಲ್ಲಿ ಸೇರಿದ್ದಿತು, ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸದ ಕಾಯಿದೆಯಲ್ಲಿ ಅದರ ಹೆಸರು ಬಂದಿತು. 2016ರ ಹಕ್ಕುಗಳ ಅಧಿನಿಯಮವು ಪಟ್ಟಿಯನ್ನು ಇಪ್ಪತ್ತೊಂದಕ್ಕೆ ಏರಿಸಿ ಆಟಿಸಂ ಮತ್ತು ಕಲಿಕೆಯ ನ್ಯೂನತೆಗಳೆರಡನ್ನ‌ೂ ಸೇರಿಸಿತು. ಸಾಂಸ್ಕೃತಿಕ ಜೀವನದಲ್ಲಿ ಭಾಗವಹಿಸುವ ಹಕ್ಕನ್ನೂ ಅದು ಎತ್ತಿಹಿಡಿದಿದೆ. ಹಕ್ಕು ಕಾಗದದಲ್ಲಿದೆ, ಹಾಡಿಗೆ ಕರೆಯುವವರು ಊರಿನಲ್ಲಿರಬೇಕು.

ಹಾಗೆ ಕರೆಯಬಲ್ಲ ಸಂಸ್ಥೆಯೊಂದು ಊರೂರಿನಲ್ಲಿಯೂ ಆಗಲೇ ಇದೆ. ಅದು ಭಜನೆಯ ಮೇಳ. ಶಿವಗಂಗೆಯ ಬೆಟ್ಟವನ್ನು ಮಡಿಲಲ್ಲಿಟ್ಟುಕೊಂಡ ನೆಲಮಂಗಲದ ಸೀಮೆಯನ್ನೇ ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಪಕ್ಕದ ಅರಿಶಿನಕುಂಟೆಯು ಕೀರ್ತನಕಾರರಾದ ಸಂತ ಕೇಶವದಾಸರ ವಿಶ್ವಶಾಂತಿ ಆಶ್ರಮದಿಂದಾಗಿ ಹೊರಗಿನವರಿಗೆ ಪರಿಚಿತವಾದ ಊರು. ಕಾರ್ಖಾನೆಗಳೂ ಬಡಾವಣೆಗಳೂ ಮುತ್ತಿಕೊಂಡಿರುವ ಇಂಥ ಊರುಗಳಲ್ಲಿಯೂ ಕಾರ್ತಿಕ ಸೋಮವಾರ, ಶಿವರಾತ್ರಿಗಳಂದು ಹಾರ್ಮೋನಿಯಂ, ತಬಲಾ, ತಾಳಗಳ ಭಜನೆ ಕೇಳಿಬರುವುದು ನಿಂತಿಲ್ಲ. ಶಾಸ್ತ್ರೀಯ ಬೈಠಕ್ಕಿನಲ್ಲಿ ಸಾಧಕನಿಗೆ ಮಾತ್ರ ಎಡೆಯುಂಟು. ಭಜನೆಯಲ್ಲಿ ಮುಂದೆ ಹೇಳುವವನೊಬ್ಬ, ಹಿಂದೆ ಎತ್ತಿಕೊಳ್ಳುವವರು ಎಲ್ಲರೂ. ಪಲ್ಲವಿ ಮರಳಿ ಮರಳಿ ಬರುತ್ತದೆ. ಒಂದೇ ನುಡಿಯ ಪುನರಾವೃತ್ತಿಯಲ್ಲಿ ನೆಮ್ಮದಿಯನ್ನು ಕಾಣುವುದು ಆಟಿಸಂ ಇರುವ ಅನೇಕ ಮಕ್ಕಳ ಸ್ವಭಾವ. ಸಾಲನ್ನು ಪೂರ್ತಿಯಾಗಿ ಹಾಡಲಾರದವನು ಕೊನೆಯ ಸ್ವರವನ್ನು ಹಿಡಿದು ಶ್ರುತಿಯಂತೆ ನಿಲ್ಲಿಸಬಹುದು. ಅದನ್ನು ತಪ್ಪೆಂದು ತಿದ್ದದೆ, ಹಾರ್ಮೋನಿಯಂ ನುಡಿಸುವವನು ಆ ಸ್ವರವನ್ನೇ ಆಧಾರವಾಗಿ ತೆಗೆದುಕೊಂಡು ಮುಂದಿನ ನುಡಿಯನ್ನು ಎತ್ತಿಕೊಳ್ಳಬಹುದು. ಇದಕ್ಕೆ ದೊಡ್ಡ ವಿದ್ವತ್ತು ಬೇಕಿಲ್ಲ. ನಾಟಕದ ಕಾಲುಪೇಟಿಯವರು ಮಾತು ಮರೆತ ಪಾತ್ರಧಾರಿಗಾಗಿ ಪ್ರತಿರಾತ್ರಿಯೂ ಮಾಡುತ್ತಿದ್ದ ಕೆಲಸವಿದು.

ಕಷ್ಟಗಳಿಲ್ಲವೆಂದಲ್ಲ. ಇಂಥ ಮಕ್ಕಳಲ್ಲಿ ಹಲವರ ಕಿವಿ ಅತಿ ಸೂಕ್ಷ್ಮ. ಒಮ್ಮೆಲೇ ಬಾರಿಸಿದ ಜಾಗಟೆ, ಧ್ವನಿವರ್ಧಕದ ಕೀಚಲು ಅವರಿಗೆ ನೋವನ್ನೇ ಉಂಟುಮಾಡುತ್ತವೆ. ಕಿವಿ ಮುಚ್ಚಿಕೊಂಡು ಓಡುವ ಮಗುವನ್ನು ಕಂಡು ಅದಕ್ಕೆ ದೇವರ ಹಾಡು ಒಗ್ಗದೆಂದು ಜನರು ತಪ್ಪಾಗಿ ತಿಳಿಯುತ್ತಾರೆ. ಭಜನೆಯ ಹಿರಿಯರು ಧ್ವನಿವರ್ಧಕವನ್ನು ತೆಗೆದಿರಿಸಿದರೆ, ಜಾಗಟೆಯ ಬದಲು ಸಣ್ಣ ತಾಳಗಳಿಂದ ಆರಂಭಿಸಿದರೆ, ಮಗು ಬಾಗಿಲ ಬಳಿಯೇ ಕುಳಿತಿರಲು ಬಯಸಿದರೆ ಒಳಗೆ ಎಳೆಯದಿದ್ದರೆ, ಅರ್ಧ ತೊಡಕು ನೀಗುತ್ತದೆ. ಉಳಿದರ್ಧಕ್ಕೆ ತಿಂಗಳುಗಳ ತಾಳ್ಮೆ ಬೇಕು. ಗದುಗಿನ ಆಶ್ರಮದಲ್ಲಿ ಹೊಸದಾಗಿ ಬಂದ ಅಂಧ ಬಾಲಕನ ಬೆರಳುಗಳನ್ನು ತಬಲೆಯ ಮೇಲೆ ಇರಿಸಿ, ಅವುಗಳ ಮೇಲೆ ತಮ್ಮ ಬೆರಳುಗಳನ್ನಿರಿಸಿ ಮೊದಲ ಬೋಲುಗಳನ್ನು ತೋರಿಸಿಕೊಡಬೇಕಾಗುತ್ತದೆ. ಆ ಎರಡು ಅಕ್ಷರಗಳು ಶುದ್ಧವಾಗಿ ನುಡಿಯುವವರೆಗೆ ಮೂರನೆಯ ಅಕ್ಷರದ ಮಾತಿಲ್ಲ.